ಪಟ್ಟಿಯಲ್ಲಿಲ್ಲದ ಹದಿನೇಳು ನಕ್ಷತ್ರಗಳು

ನಮ್ಮ ಆಕಾಶಗಂಗೆಯ ಹೊರವಲಯದಲ್ಲಿ, ಲಕ್ಷಾಂತರ ಜ್ಯೋತಿರ್ವರ್ಷಗಳ ದೂರದಲ್ಲಿ, ಕೆಲವೇ ಸಾವಿರ ಮಂಕು ನಕ್ಷತ್ರಗಳನ್ನು ಕಟ್ಟಿಕೊಂಡು ಸುತ್ತುತ್ತಿರುವ ಪುಟ್ಟ ನಕ್ಷತ್ರಕೂಟಗಳಿವೆ. ಕುಬ್ಜ ಗ್ಯಾಲಕ್ಸಿಗಳೆಂದು ಅವುಗಳ ಹೆಸರು. ದೊಡ್ಡ ಗ್ಯಾಲಕ್ಸಿಗಳು ಇಂಥ ಸಣ್ಣವುಗಳನ್ನು ನುಂಗಿ ನುಂಗಿಯೇ ದೊಡ್ಡವಾದವೆಂಬುದು ಇಂದಿನ ತಿಳಿವಳಿಕೆಯಾದ್ದರಿಂದ, ನುಂಗಿಸಿಕೊಳ್ಳದೆ ಉಳಿದವುಗಳ ಒಂದೊಂದು ನಕ್ಷತ್ರವನ್ನೂ ಹುಡುಕಿ, ಬಣ್ಣ ನೋಡಿ, ವಯಸ್ಸು ತಿಳಿದರೆ ನಮ್ಮದೇ ಮನೆತನದ ಹಳೆಯ ಸುದ್ದಿ ಹೊರಬೀಳುತ್ತದೆ. ಈ ಕೆಲಸವನ್ನು ಪರ್ವತದ ಮೇಲಿನ ಯಾವ ದೂರದರ್ಶಕವನ್ನೂ ಕೈಯಾರೆ ಮುಟ್ಟದೆ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮತ್ತು ಇಂಡಿ ಎಂಬ ಮೂರು ಊರುಗಳ ಪದವಿ ಕಾಲೇಜುಗಳಲ್ಲಿ ಕುಳಿತು, ಮೂವತ್ತೈದು ವರ್ಷಗಳ ಸೇವಾವಧಿಯಲ್ಲಿ ಮಾಡಿದವರು ನಮ್ಮ ಗುರುಗಳಾದ ಪ್ರೊ. ಗುರಲಿಂಗಪ್ಪ ಪೂಜೇರಿಯವರು. ಕಳೆದ ಜೂನ್ ತಿಂಗಳಲ್ಲಿ ಅವರು ನಿವೃತ್ತರಾದರು.

ಈ ಗ್ರಂಥದ ಸಂಪಾದಕ ಮಂಡಳಿಯವರು ನನ್ನಿಂದ ಲೇಖನ ಬಯಸಿದಾಗ, ಅವರಲ್ಲೊಬ್ಬರು ಮೆಲ್ಲಗೆ, "ಆ ಹದಿನೇಳು ನಕ್ಷತ್ರಗಳ ವಿಷಯ ಬೇಡ, ಶುಭಸಂದರ್ಭ ನೋಡಿ" ಎಂದರು. ಅಭಿನಂದನ ಗ್ರಂಥಗಳಲ್ಲಿ ಸನ್ಮಾನಿತರ ತಪ್ಪು ಬರೆಯುವ ರೂಢಿ ನಮ್ಮಲ್ಲಿಲ್ಲ. ಇದ್ದ ಗುಣಗಳ ಜೊತೆಗೆ ಇಲ್ಲದವನ್ನೂ ನಾಲ್ಕು ಸೇರಿಸುವುದೇ ಪದ್ಧತಿ. ನಾನು ಸರ್ ಅವರಿಗೇ ಫೋನ್ ಮಾಡಿ ಕೇಳಿದೆ.

"ಆ ಹದಿನೇಳರ ಸುದ್ದಿ ಬಿಟ್ಟು ಬರಿಯೂದಾದ್ರ ಬರೀಬ್ಯಾಡವಾ ನಾಜಿಮಾ. ಹಾರ ಹಾಕಾಕ ಬ್ಯಾರೆ ಮಂದಿ ಅದಾರ," ಎಂದು ಫೋನ್ ಇಟ್ಟರು.

ಹೀಗಾಗಿ ಸಂಪಾದಕರ ಕ್ಷಮೆ ಕೋರಿ, ಗುರುಗಳ ಅಪ್ಪಣೆಯಂತೆ ಬರೆಯುತ್ತಿದ್ದೇನೆ. ನಾನು ಹೊರ್ತಿಯವಳು, ಲಿಂಬೆ ವ್ಯಾಪಾರಿ ಇಸ್ಮಾಯಿಲ ಅವರ ಮಗಳು, ಮೊದಲು ಸರ್ ಅವರ ವಿದ್ಯಾರ್ಥಿನಿ, ಆಮೇಲೆ ಅದೇ ಕಾಲೇಜಿನ ಅತಿಥಿ ಉಪನ್ಯಾಸಕಿ, ಮತ್ತು ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡಿದ ಒಬ್ಬಳೇ ಸಂಶೋಧಕಿ.

ಸರ್ ಹುಟ್ಟಿದ್ದು ಗೊಳಸಂಗಿಯ ಕುರಿಗಾರರ ಮನೆಯಲ್ಲಿ. ಆ ಮನೆಯಲ್ಲಿ ಒಂದು ಪದ್ಧತಿಯಿತ್ತಂತೆ. ಪ್ರಾಯಕ್ಕೆ ಬಂದ ಮಗನಿಗೆ ಹಿಂಡು ಒಪ್ಪಿಸುವ ಮುಂಚೆ, ಮನೆಯ ಹಿರಿಯನು ಬೇರೆಯವರ ಮೂರು ನಾಲ್ಕು ಕುರಿಗಳನ್ನು ತಂದು ಸದ್ದಿಲ್ಲದೆ ತಮ್ಮ ಹಿಂಡಿನಲ್ಲಿ ಬೆರೆಸಿಬಿಡುತ್ತಿದ್ದ. ಮಗ ದಿನವಿಡೀ ಮೇಯಿಸಿ ಸಂಜೆ ಹಟ್ಟಿಗೆ ತಂದಾಗ ಒಂದೇ ಪ್ರಶ್ನೆ: "ಯಾರ ಕುರಿ ಬಂದಾವು?" ಎಣಿಸಲು ಹೋದವನು ಅಲ್ಲಿಗೇ ಸೋತ, ಎಣಿಸಿದರೆ ತಲೆ ಎಷ್ಟೆಂದು ತಿಳಿಯುತ್ತದೆಯೇ ಹೊರತು ಮುಖ ತಿಳಿಯುವುದಿಲ್ಲ. ನೋಡಿದೊಡನೆ ಬೆರಳು ಮಾಡಿ ಹೊರಗಿನವನ್ನು ತೋರಿಸಿದವನಿಗೆ ಹಿಂಡು. ಆಮೇಲೆ ಖಾತ್ರಿಗೆಂದು ಕಿವಿ ನೋಡುವುದು, ಏಕೆಂದರೆ ಆ ಮನೆಯ ಪ್ರತಿ ಕುರಿಯ ಎಡಗಿವಿಯ ಕೆಳಗೆ ಒಂದು ಸಣ್ಣ ಕಚ್ಚು ಇರುತ್ತಿತ್ತು. ಸರ್ ಈ ಕಥೆಯನ್ನು ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಹೇಳಿ, "ನಾ ಆ ಪರೀಕ್ಷಾದಾಗ ಫೇಲ್ ಆದೆ. ಅದಕ್ಕ ಎಂ.ಎಸ್ಸಿ. ಮಾಡಬೇಕಾತು" ಎಂದು ಮುಗಿಸುತ್ತಿದ್ದರು. ನಾವು ನಗುತ್ತಿದ್ದೆವು. ಆ ಸೋಲು ಅವರ ಇಡೀ ಬದುಕನ್ನು ನಡೆಸಿದೆಯೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಧಾರವಾಡದಲ್ಲಿ ಓದು ಮುಗಿಸಿ ೧೯೯೦ರಲ್ಲಿ ಸಿಂದಗಿಯಲ್ಲಿ ಉಪನ್ಯಾಸಕರಾದರು. ಅಲ್ಲಿನ ಎಂಟು ವರ್ಷಗಳಲ್ಲಿ ಅವರು ಸಂಶೋಧನೆಯೆಂದು ಮಾಡಿದ್ದು ಏನೂ ಇಲ್ಲವೆಂದು ಅವರೇ ಹೇಳುತ್ತಾರೆ. ಕಾಲೇಜಿನ ಗ್ರಂಥಾಲಯಕ್ಕೆ ಬರುತ್ತಿದ್ದ ಒಂದೇ ಒಂದು ವಿಜ್ಞಾನ ಪತ್ರಿಕೆಯನ್ನು ಜಾಹೀರಾತುಗಳ ಸಮೇತ ಓದಿದರಂತೆ. ಮುದ್ದೇಬಿಹಾಳಕ್ಕೆ ವರ್ಗವಾದ ಮೇಲೆ, ವೀಕ್ಷಣಾಲಯವೊಂದರಲ್ಲಿದ್ದ ಸಹಪಾಠಿಯೊಬ್ಬರು ಆಕಾಶದ ಚಿತ್ರಗಳನ್ನು ಸಿ.ಡಿ.ಗಳಲ್ಲಿ ತುಂಬಿ ಅಂಚೆಯಲ್ಲಿ ಕಳಿಸತೊಡಗಿದರು. ಕುಬ್ಜ ಗ್ಯಾಲಕ್ಸಿಗಳ ಸಹವಾಸ ಶುರುವಾದದ್ದು ಆಗಲೇ.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು. ಮಂಕು ನಕ್ಷತ್ರಗಳನ್ನು ಹುಡುಕುವವರಿಗೆ ಒಂದು ಭಯ ಸದಾ ಇರುತ್ತದೆ: ನಾವು ಕಂಡದ್ದು ಎಷ್ಟು, ಕಣ್ಣು ತಪ್ಪಿದ್ದು ಎಷ್ಟು? ಇದನ್ನು ತಿಳಿಯಲು ಚಿತ್ರದ ಒಂದು ನಕಲಿನಲ್ಲಿ ಬೇಕೆಂದೇ ಸುಳ್ಳು ನಕ್ಷತ್ರಗಳನ್ನು ನೆಡುತ್ತಾರೆ. ಮುನ್ನೂರು ನೆಟ್ಟು, ಹುಡುಕಿದಾಗ ಇನ್ನೂರ ನಲವತ್ತು ಸಿಕ್ಕರೆ, ನಿಜವಾದವೂ ಅದೇ ಲೆಕ್ಕದಲ್ಲಿ ತಪ್ಪಿವೆಯೆಂದು ಅರ್ಥ. ಜಗತ್ತಿನ ಎಲ್ಲೆಡೆ ಈ ಕೆಲಸ ಕಂಪ್ಯೂಟರಿನದು. ಪೂಜೇರಿ ಸರ್ ಅವರದು ಗೊಳಸಂಗಿಯ ಪದ್ಧತಿ. ನೆಡುವವರು ಬೇರೆ, ಹುಡುಕುವವರು ಬೇರೆ. ನೆಟ್ಟವರು ಪಟ್ಟಿ ಬರೆದು ಲಕೋಟೆಯಲ್ಲಿಟ್ಟು, ಉತ್ತರಪತ್ರಿಕೆಗಳ ಕಟ್ಟಿಗೆ ಹಾಕುವ ಅರಗಿನಿಂದ ಮುದ್ರೆ ಒತ್ತಬೇಕು. ಹುಡುಕುವವರು ಕಣ್ಣಿನಿಂದಲೇ ಹುಡುಕಿ ಮುಗಿಸಿದ ಮೇಲೆ ಅದನ್ನು ಒಡೆಯಬೇಕು. ಮುದ್ದೇಬಿಹಾಳದಲ್ಲಿ ಮೊದಲು ನೆಟ್ಟವರು ಪ್ರಯೋಗಾಲಯದ ಸಹಾಯಕರಾಗಿದ್ದ ನಿಯಾಜ ಅವರು. ಆ ಕಾಲದ ಲೇಖನದ ಕೊನೆಯಲ್ಲಿ "ನಕ್ಷತ್ರ ನೆಟ್ಟವರು: ನಿಯಾಜ" ಎಂದು ಅಚ್ಚಾಗಿದೆ. ಅಂಥ ಪದವಿ ಇನ್ನಾರಿಗಾದರೂ ಸಿಕ್ಕಿದೆಯೋ ನಾನರಿಯೆ. ನಿಯಾಜ ಅವರು ಆ ಪುಟವನ್ನು ಕಟ್ಟುಹಾಕಿಸಿ ಮನೆಯಲ್ಲಿ ತೂಗುಹಾಕಿದ್ದಾರೆ.

ನೆಡುವ ನಕ್ಷತ್ರಕ್ಕೆ ಒಂದು ಅಚ್ಚು ಬೇಕು. ಸರ್ ಆಗ ನಿಜವಾದ ಒಂದು ನಕ್ಷತ್ರದ ಚಿತ್ರವನ್ನು ಕತ್ತರಿಸಿ ಅಚ್ಚು ಮಾಡಿಕೊಂಡರು. ಅದರ ಎಡಬದಿಯ ಕೆಳಗೆ, ಪಕ್ಕದ ನಕ್ಷತ್ರವನ್ನು ಅಳಿಸಿದ ಜಾಗದಲ್ಲಿ, ಒಂದು ಸಣ್ಣ ಕಚ್ಚು ಉಳಿಯಿತು. ತಿದ್ದಬಹುದಿತ್ತು. "ಇರಲಿ, ನಮ್ಮ ಮನಿ ಗುರುತು" ಎಂದು ಬಿಟ್ಟರು. ಸುತ್ತಲಿನ ಮಸುಕಿನಲ್ಲಿ ಕಣ್ಣಿಗೆ ಆ ಕಚ್ಚು ಕಾಣುವುದಿಲ್ಲ. ಮುಂದಿನ ಇಪ್ಪತ್ತು ವರ್ಷ ಅವರ ಚಿತ್ರಗಳಲ್ಲಿ ನೆಟ್ಟ ಪ್ರತಿಯೊಂದು ನಕ್ಷತ್ರವೂ ಅದೇ ಅಚ್ಚಿನದು.

ಬಸವನ ಬಾಗೇವಾಡಿಯ ಆರು ವರ್ಷಗಳ ಬಗ್ಗೆ ಈ ಗ್ರಂಥದಲ್ಲಿ ಇತರರು ಬರೆದಿದ್ದಾರೆ. ನಾನು ಕೇಳಿದ ಒಂದನ್ನು ಮಾತ್ರ ಹೇಳುತ್ತೇನೆ. ಇಂಗಳೇಶ್ವರದಿಂದ ಬರುತ್ತಿದ್ದ ವಿಜಯಶ್ರೀ ಎಂಬ ವಿದ್ಯಾರ್ಥಿನಿ ಪ್ರಾಯೋಗಿಕ ಪರೀಕ್ಷೆಯ ಮುಂಚೆ ಟೈಫಾಯ್ಡ್ ಆಗಿ ಮಲಗಿದಾಗ, ಸರ್ ಕಾಲೇಜಿನ ಸ್ಪೆಕ್ಟ್ರೋಮೀಟರನ್ನು ಕೌದಿಯಲ್ಲಿ ಸುತ್ತಿ, ಬೈಕಿನ ಮುಂದೆ ಕೂರಿಸಿಕೊಂಡು ಒಂಬತ್ತು ದಿನ ಇಂಗಳೇಶ್ವರಕ್ಕೆ ಹೋಗಿ ಅಭ್ಯಾಸ ಮಾಡಿಸಿದರು. ಯಾರದೋ ಜಡ್ಡಿನ ಕೂಸನ್ನು ಹೊತ್ತು ತರುತ್ತಿದ್ದಾರೆಂದು ತಿಳಿದು ಓಣಿಯ ಹೆಂಗಸರು ನಿಂಬೆಹಣ್ಣು ಇಳಿತೆಗೆದರಂತೆ. ವಿಜಯಶ್ರೀಯವರು ಇಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ.

೨೦೧೨ರಲ್ಲಿ ಅವರು ಇಂಡಿಗೆ ಬಂದರು, ಅದೇ ವರ್ಷ ನಾನೂ ಬಿ.ಎಸ್ಸಿ.ಗೆ ಸೇರಿದೆ. ಹೊರ್ತಿಯ ಬೆಳಗಿನ ಬಸ್ಸು ದಿನಾ ತಡ. ಮೂರು ವಾರ ನಾನು ಅರ್ಧ ತರಗತಿಯ ಮೇಲೆ ತಲೆ ತಗ್ಗಿಸಿ ಒಳಗೆ ಹೋದೆ. ನಾಲ್ಕನೆಯ ವಾರ ವೇಳಾಪಟ್ಟಿಯಲ್ಲಿ ಭೌತಶಾಸ್ತ್ರದ ತರಗತಿ ಇಪ್ಪತ್ತು ನಿಮಿಷ ಮುಂದಕ್ಕೆ ಹೋಗಿತ್ತು. ಯಾಕೆಂದು ಯಾರೂ ಹೇಳಲಿಲ್ಲ. ಮೂರು ವರ್ಷವೂ ಅದು ಹಾಗೇ ಇತ್ತು. ರಂಜಾನಿನಲ್ಲಿ ನನ್ನ ಪ್ರಯೋಗಗಳೆಲ್ಲ ಬೆಳಗಿನ ಹೊತ್ತಿಗೇ ಬೀಳುತ್ತಿದ್ದುದೂ ಕಾಕತಾಳೀಯವಲ್ಲವೆಂದು ಈಗ ಗೊತ್ತಾಗುತ್ತದೆ. ಅವರ ಉಪಕಾರಗಳು ಹೀಗೆಯೇ, ಹಾಕಿದ ಕೈ ಕಾಣುತ್ತಿರಲಿಲ್ಲ.

ಎಂ.ಎಸ್ಸಿ. ಮುಗಿಸಿ ಬಂದು ೨೦೧೯ರಲ್ಲಿ ಅವರ ಬಳಿ ಸಂಶೋಧನೆಗೆ ಸೇರಿದೆ. ಖಗೋಳ ವಿಜ್ಞಾನಿಗಳೆಂದರೆ ರಾತ್ರಿಯೆಲ್ಲ ಎಚ್ಚರವಿರುವವರೆಂದು ಜನ ತಿಳಿದಿದ್ದಾರೆ. ನಾವು ಕೆಲಸ ಮಾಡಿದ್ದು ಮಟಮಟ ಮಧ್ಯಾಹ್ನ. ದೊಡ್ಡ ದೂರದರ್ಶಕಗಳು ತೆಗೆದ ಚಿತ್ರಗಳು ಈಗ ಎಲ್ಲರಿಗೂ ಅಂತರಜಾಲದಲ್ಲಿ ಸಿಗುತ್ತವೆ. ಕಾಲೇಜಿನ ಹಿಂದಿನ ಕೋಣೆಯೊಂದರ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿ, ಎರಡು ಕಂಪ್ಯೂಟರ್ ಇಟ್ಟುಕೊಂಡು ನಾವು ಗುರುಶಿಷ್ಯರು ಬೆನ್ನಿಗೆ ಬೆನ್ನು ಮಾಡಿ ಕೂರುತ್ತಿದ್ದೆವು. ಹೊರಗೆ ಬೀದಿನಾಯಿಯೂ ಓಡಾಡದ ಬಿಸಿಲು. ಒಳಗೆ ಪರದೆಯ ಮೇಲೆ ಆಕಾಶ ಬೆಳ್ಳಗೆ, ನಕ್ಷತ್ರಗಳು ಕಪ್ಪಗೆ. ಮಂಕಾದವು ಹಾಗೆಯೇ ಕಣ್ಣಿಗೆ ಚೆನ್ನಾಗಿ ಬೀಳುತ್ತವೆಂದು ನಮ್ಮ ಕಸುಬಿನವರು ಬಣ್ಣ ತಿರುಗಿಸಿ ನೋಡುತ್ತಾರೆ. ಬಿಳಿ ಪಂಜೆಯ ಮೇಲೆ ಎಳ್ಳು ಚೆಲ್ಲಿದಂತಿರುವ ಆ ಆಕಾಶವನ್ನು ದಿನವಿಡೀ ನೋಡಿ ಹೊರಬಂದರೆ, ಸುಣ್ಣದ ಗೋಡೆಗಳ ಮೇಲೆಲ್ಲ ಕಪ್ಪು ನಕ್ಷತ್ರಗಳು ಕಾಣುತ್ತಿದ್ದವು.

ನಾವು ಆಯ್ದುಕೊಂಡ ಕುಬ್ಜ ಗ್ಯಾಲಕ್ಸಿಗೆ ಅಂಕಿಗಳ ಉದ್ದನೆಯ ಹೆಸರಿದೆ. ನಾವು ಅದನ್ನು 'ಹಟ್ಟಿ' ಎನ್ನುತ್ತಿದ್ದೆವು. ಅದಕ್ಕೊಂದು ವಿಚಿತ್ರ ಗುಣವಿದೆ. ಅದರ ನಕ್ಷತ್ರಗಳ ವೇಗ ಅಳೆದವರ ಪ್ರಕಾರ, ಆ ಕೂಟದ ತೂಕ ಕಾಣುವ ನಕ್ಷತ್ರಗಳ ಒಟ್ಟು ತೂಕದ ನೂರಾರು ಪಟ್ಟು. ಉಳಿದದ್ದು ಏನೆಂದು ಯಾರಿಗೂ ಗೊತ್ತಿಲ್ಲ.

"ನಾಕು ಮಂದಿ ಇರೋ ಮನಿ ಅಂತ ಒಳಗ ಹೋಗಿ ಕುಂತೀವಿ ಅಂತ ತಿಳಿ," ಎಂದು ಸರ್ ಬೆನ್ನು ತಿರುಗಿಸಿಯೇ ಹೇಳಿದ್ದರು. "ನೆಲಾ ನೋಡಿದ್ರ ನಾನೂರು ಮಂದಿ ಭಾರಕ್ಕ ಕುಸಿದೈತಿ. ಮಂದಿ ಕಾಣವಲ್ಲರು. ಹಂಗೈತಿ ಈ ಹಟ್ಟಿ."

ನನ್ನ ಕೆಲಸ ಹಟ್ಟಿಯ ಬೇಲಿಯಾಚೆ ಹುಡುಕುವುದು. ನಮ್ಮ ಆಕಾಶಗಂಗೆ ಅದನ್ನು ಎಳೆಯುತ್ತಿದ್ದರೆ, ಅದರ ನಕ್ಷತ್ರಗಳು ಅಂಚಿನಿಂದ ಬಾಲದಂತೆ ಹೊರಬಿದ್ದಿರಬೇಕು. ದೊಡ್ಡದು ಸಣ್ಣದನ್ನು ನುಂಗುವುದನ್ನು ಕಣ್ಣಾರೆ ಕಂಡಂತೆ. ಸರ್ ನೆಟ್ಟು ನಾನು ಹುಡುಕುವ ಲಕೋಟೆ ಪರೀಕ್ಷೆಗಳನ್ನು ಮೂರು ವರ್ಷ ಮಾಡಿ ನನ್ನ ಕಣ್ಣು ಎಷ್ಟು ನಂಬಬಹುದೆಂದು ಖಾತ್ರಿಯಾದ ಮೇಲೆ, ೨೦೨೨ರ ಬೇಸಿಗೆಯಲ್ಲಿ ಏನನ್ನೂ ನೆಡದ ಮೂಲ ಚಿತ್ರದಲ್ಲಿ ಹುಡುಕಿದೆ. ಬೇಲಿಯಾಚೆ, ಒಂದೇ ದಿಕ್ಕಿನಲ್ಲಿ, ಹದಿನೇಳು ನಕ್ಷತ್ರಗಳು ಸಿಕ್ಕವು. ಬಣ್ಣ ಹಟ್ಟಿಯ ಮುದಿ ನಕ್ಷತ್ರಗಳದೇ. ಸಾಲು ಸ್ವಲ್ಪ ಬಾಗಿತ್ತು, ಬಾಲ ಬಾಗಬೇಕಾದ ಹಾಗೆಯೇ. ಸರ್ ಎದ್ದು ನಿಂತು ನೋಡಿ, ನನ್ನ ತಲೆಯ ಮೇಲೆ ಕೈಯಿಟ್ಟರು. ಮರುವರ್ಷದ ಮಾರ್ಚಿನಲ್ಲಿ ನಮ್ಮಿಬ್ಬರ ಹೆಸರಿನಲ್ಲಿ ಪ್ರಬಂಧ ಪ್ರಕಟವಾಯಿತು. ಊರಿನಲ್ಲಿ ಪತ್ರಿಕೆಯವರು ಬಂದು ಫೋಟೋ ತೆಗೆದರು. ನಮ್ಮ ಅಬ್ಬಾ ಒಂದು ಬುಟ್ಟಿ ಲಿಂಬೆ ತಂದು ಕಾಲೇಜಿಗೆಲ್ಲ ಶರಬತ್ತು ಮಾಡಿಸಿದರು.

ಎರಡು ತಿಂಗಳ ಮೇಲೆ, ಮಹಾಪ್ರಬಂಧಕ್ಕೆ ಚಂದದ ಚಿತ್ರ ಬೇಕೆಂದು ಅದೇ ಆಕಾಶದ ಚಿತ್ರವನ್ನು ಭಂಡಾರದಿಂದ ಹೊಸದಾಗಿ ಇಳಿಸಿಕೊಂಡೆ. ನಮ್ಮಲ್ಲಿದ್ದ ಹಳೆಯದೂ ಹೊಸದೂ ಒಂದೇ ತಾನೇ ಎಂದು ನೋಡಲು ಒಂದರಿಂದ ಇನ್ನೊಂದನ್ನು ಕಳೆದೆ. ಒಂದೇ ಆಗಿದ್ದರೆ ಎಲ್ಲವೂ ಅಳಿದು ಖಾಲಿ ಪರದೆ ಉಳಿಯಬೇಕು. ಸಾವಿರಾರು ನಕ್ಷತ್ರಗಳು ಒಮ್ಮೆಲೇ ಅಳಿದವು. ಹಟ್ಟಿ ಅಳಿಯಿತು. ಬರಿಯ ಬಿಳಿಯಲ್ಲಿ, ಬಾಗಿದ ಸಾಲಿನಲ್ಲಿ, ಹದಿನೇಳು ಕಪ್ಪು ಚುಕ್ಕೆಗಳು ಉಳಿದವು.

ಮಧ್ಯಾಹ್ನ ಎರಡು ಗಂಟೆ. ಸರ್ ಊಟಕ್ಕೆ ಹೋಗಿದ್ದರು. ಸುತ್ತಲಿನ ಮಸುಕು ಹೋಗಿದ್ದರಿಂದ ಒಂದನ್ನು ದೊಡ್ಡದು ಮಾಡಿ ನೋಡಿದೆ. ಎಡಬದಿಯ ಕೆಳಗೆ ಸಣ್ಣ ಕಚ್ಚು. ಎರಡನೆಯದಕ್ಕೂ ಇತ್ತು. ಹದಿನೇಳಕ್ಕೂ ಇತ್ತು. ಇದ್ದಬದ್ದ ಲಕೋಟೆಗಳನ್ನೆಲ್ಲ ತೆಗೆದು ಪಟ್ಟಿಗಳನ್ನು ನೋಡಿದೆ. ಇವು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮೂಲ ಚಿತ್ರವನ್ನು ಯಾರೂ ಮುಟ್ಟಕೂಡದೆಂಬುದು ಆ ಕೋಣೆಯ ಮೊದಲ ನಿಯಮ; ಆ ನಿಯಮ ಮಾಡಿದವರು ಸರ್. ಕಂಪ್ಯೂಟರಿನಲ್ಲಿ ಆ ಚಿತ್ರ ತಿದ್ದಲ್ಪಟ್ಟ ದಿನ ೨೦೨೨ರ ಫೆಬ್ರವರಿಯ ಒಂದು ಗುರುವಾರ, ಮಧ್ಯಾಹ್ನ ಹನ್ನೆರಡೂವರೆ. ನನ್ನ ದಿನಚರಿ ತೆಗೆದು ನೋಡಿದೆ. ಆ ಪುಟದಲ್ಲಿ ನನ್ನದೇ ಅಕ್ಷರ: "ಸರ್ ಇವತ್ತು ಖುಷಿಯಲ್ಲಿದ್ದಾರೆ. ಏನೋ ಗುನುಗುತ್ತ ಟೈಪ್ ಮಾಡುತ್ತಿದ್ದಾರೆ."

ಅವರು ನೆಡುತ್ತಿದ್ದಾಗ ನಾನು ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ಕೂತಿದ್ದೆ. ಕೆಂಪು, ಹಸಿರು ಸೋಸುಗಾಜುಗಳ ಮೂಲಕ ತೆಗೆದ ಎರಡೂ ಚಿತ್ರಗಳಲ್ಲಿ ನೆಟ್ಟಿದ್ದರು, ಮುದಿ ನಕ್ಷತ್ರದ ಬಣ್ಣ ಸರಿಯಾಗಿ ಬರುವಂತೆ ಅಳೆದು. ಕೈತಪ್ಪಿನಿಂದ ಹಾಗಾಗುವುದಿಲ್ಲ. ನನಗೆ ಹೆದರಿಕೆಯಾಯಿತು. ಮೋಸ ಮಾಡಿದ್ದಾರೆಂದಲ್ಲ, ಪೂಜೇರಿ ಸರ್ ಮೋಸ ಮಾಡುವವರಲ್ಲವೆಂದು ಗೊತ್ತಿದ್ದರಿಂದಲೇ ಹೆದರಿಕೆಯಾಯಿತು.

ಎಂಟು ದಿನ ನಾನು ಬಾಯಿಬಿಡಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಯಾರೂ ಕಳೆದು ನೋಡುತ್ತಿರಲಿಲ್ಲ. ಹೇಳದಿದ್ದರೆ ನನ್ನ ಪಿಎಚ್.ಡಿ. ಸುಳ್ಳಿನ ಮೇಲೆ ನಿಲ್ಲುತ್ತದೆ. ಹೇಳಿದರೆ ಅವರ ಮೂವತ್ತು ಚಿಲ್ಲರೆ ವರ್ಷಗಳ ಹೆಸರು ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ತಮ್ಮ ಕೈಯನ್ನು ತಾವೇ ನಂಬದ ಸ್ಥಿತಿಗೆ ಅವರನ್ನು ನಾನೇ ನೂಕಿದಂತಾಗುತ್ತದೆ. ಮನೆಯಲ್ಲಿ ಅಬ್ಬಾ ದಿನಾ, "ಮುಗೀತೇನವಾ ನಿಂದು?" ಎಂದು ಕೇಳುತ್ತಿದ್ದರು.  ಒಂಬತ್ತನೆಯ ದಿನ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿ, ಆ ಬಿಳಿ ಪರದೆಯನ್ನು ಅವರ ಮುಂದಿಟ್ಟೆ.

ಬಹಳ ಹೊತ್ತು ನೋಡಿದರು. ಮುಖ ಪರದೆಯ ಹತ್ತಿರ ಒಯ್ದು ಒಂದೊಂದರ ಎಡಬದಿಯನ್ನೂ ನೋಡಿದರು.

"ನಮ್ಮ ಕಚ್ಚ ಐತಿ," ಎಂದರು.

"ಹೌದ್ರಿ ಸರ್."

"ನಾನ ಹಾಕೇನಿ. ಬ್ಯಾರೆ ಯಾರು ಹಾಕ್ತಾರ? ಆದ್ರ ಯಾವಾಗ ಹಾಕಿದೆ ಅನ್ನೂದು..." ಎಂದು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು, ಮತ್ತೊಬ್ಬರ ಕೈ ನೋಡುವ ಹಾಗೆ. "ನನಗ ಒಂದ ಚೂರೂ ನೆನಪಿಲ್ಲವಾ. ಬಾಲ ಇಲ್ಲೇ ಇರಬೇಕು ಅಂತ ಮನಸ್ಸಿನ್ಯಾಗ ಇತ್ತು. ಮನಸ್ಸಿನ್ಯಾಗ ಇದ್ದದ್ದು ಚಿತ್ರದಾಗ ಹ್ಯಾಂಗ ಬಂತು?"

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ಅಂದೇ ಪತ್ರಿಕೆಗೆ ಪತ್ರ ಬರೆದು ಪ್ರಬಂಧವನ್ನು ಹಿಂತೆಗೆದುಕೊಂಡರು. ಆ ಪತ್ರದ ಎರಡು ವಾಕ್ಯಗಳನ್ನು ಕನ್ನಡಿಸಿ ಕೊಡುತ್ತೇನೆ: "ಈ ಹದಿನೇಳು ನಕ್ಷತ್ರಗಳು ಆಕಾಶದವಲ್ಲ, ನನ್ನ ಕೈಯವು, ನೆಟ್ಟ ನೆನಪು ನನಗಿಲ್ಲ, ಆದರೆ ಗುರುತು ನನ್ನದೇ. ನನ್ನ ವಿದ್ಯಾರ್ಥಿನಿಯ ಕಣ್ಣು ತಪ್ಪಿಲ್ಲ, ಚಿತ್ರದಲ್ಲಿದ್ದುದನ್ನೇ ಅವಳು ಕಂಡಳು." ಮಂದಿಯ ಬಾಯಿಗೆ ಕೀಲಿ ಹಾಕಲಾದೀತೇ? ಶರಬತ್ತು ಕುಡಿದವರೇ ಆಡಿಕೊಂಡರು. ಬೇಲಿಯೊಳಗಿನ ನಕ್ಷತ್ರಗಳ ವಯಸ್ಸಿನ ಮೇಲೆ ನನ್ನ ಮಹಾಪ್ರಬಂಧವನ್ನು ಮೊದಲಿನಿಂದ ಬರೆಸಿದರು. ಒಂದು ವರ್ಷ ತಡವಾಗಿ ೨೦೨೪ರಲ್ಲಿ ಪದವಿ ಬಂತು. ವಿಜಯಪುರದ ವೈದ್ಯರು ಸರ್ ಅವರನ್ನು ಪರೀಕ್ಷಿಸಿ, ಮರೆವಿನ ಆರಂಭವಿರಬಹುದು, ಇಲ್ಲದೆಯೂ ಇರಬಹುದು, ನೋಡುತ್ತಿರಬೇಕು ಎಂದರು.

ಪ್ರಬಂಧ ಹಿಂತೆಗೆದ ೨೦೨೩ರ ಮಳೆಗಾಲದಲ್ಲೇ ಸರ್ ನನ್ನನ್ನು ಕರೆದುಕೊಂಡು ಗೊಳಸಂಗಿಗೆ ಹೋದರು. ಅಲ್ಲಿ ಅವರ ಅಕ್ಕ ಇಂದ್ರಾಬಾಯಿಯವರು ಇದ್ದಾರೆ. ರೊಟ್ಟಿ ಉಂಡು ಕೂತ ಮೇಲೆ ಸರ್ ಎಲ್ಲವನ್ನೂ ಅಕ್ಕನಿಗೆ ಕುರಿಗಳ ಮಾತಿನಲ್ಲೇ ಹೇಳಿದರು. ಆಕೆಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಅಪ್ಪನೂ ಕಡೀಕಡೀಗೆ ಹಿಂಗ ಇದ್ದ," ಎಂದರು. "ಇಲ್ಲದ ಕುರಿ ಕರೀತಿದ್ದ. ಹಟ್ಟಿ ಮುಂದ ನಿಂತು, ಬಾ ಬಾ ಕರಿಮೂತಿ, ಅಂತ. ಅಂಥಾ ಕುರಿ ನಮ್ಮ ಹಿಂಡಿನ್ಯಾಗ ಇರಲೇ ಇಲ್ಲ."

"ಆಮ್ಯಾಲೇನಾತ್ರಿ?" ಎಂದೆ.

"ಏನಾಗತೈತಿ? ಹದಿನೈದು ದಿನದ ಮ್ಯಾಲ ಒಂದು ಕರಿಮೂತಿ ಕುರಿ ಬಂದು ಹಟ್ಟ್ಯಾಗ ನಿಂತಿತ್ತು. ಕೇಳಕೋಂತ ಯಾರೂ ಬರಲಿಲ್ಲ. ಯಾರ ಕುರಿ ಅಂತ ಇವತ್ತಿಗೂ ಗೊತ್ತಿಲ್ಲವ್ವಾ."

"ಅದರ ಕಿವಿಗೆ ಕಚ್ಚು ಇತ್ತೇನ್ರಿ?"

"ಯಾವ ಕಚ್ಚೂ ಇರಲಿಲ್ಲ."

ಸರ್ ನಕ್ಕು, "ನಮ್ಮಕ್ಕನ ಕಥಿ ಅಳತಿ ಮಾಡಾಕ ಬರೂದಿಲ್ಲ" ಎಂದರು. ಬಸ್ಸಿನಲ್ಲಿ ಬರುವಾಗ ಮಾತ್ರ ಏನೋ ನಿರ್ಧರಿಸಿದವರಂತೆ ನನ್ನ ಕಡೆ ತಿರುಗಿ ಹೇಳಿದರು: "ಇನ್ನ ಮ್ಯಾಲ ನೀ ನೆಡು, ನಾ ಹುಡುಕ್ತೇನಿ. ನಂದು ಎಷ್ಟು ಉಳದೈತಿ ಅಂತ ನನಗ ಗೊತ್ತಾಗಬೇಕು."

ಹೀಗೆ ಪದ್ಧತಿ ತಿರುಗುಮುರುಗಾಯಿತು. ೨೦೨೩ರ ಆಗಸ್ಟಿನಿಂದ ಪ್ರತಿ ತಿಂಗಳ ಮೊದಲ ಸೋಮವಾರ ನಾನು ಹಟ್ಟಿಯ ಚಿತ್ರದಲ್ಲಿ, ಕಚ್ಚಿಲ್ಲದ ಹೊಸ ಅಚ್ಚಿನಿಂದ, ಇಪ್ಪತ್ತು ನಕ್ಷತ್ರ ನೆಡುತ್ತೇನೆ. ಪಟ್ಟಿ ಲಕೋಟೆಗೆ ಹೋಗಿ ಅರಗು ಬೀಳುತ್ತದೆ. ಹಟ್ಟಿಯ ಹಳೆಯ ನಕ್ಷತ್ರಗಳೆಲ್ಲ ಚಿತ್ರದಲ್ಲಿ ಮೊದಲೇ ವೃತ್ತ ಹಾಕಿ ಗುರುತಾಗಿರುತ್ತವೆ. ವೃತ್ತವಿಲ್ಲದ ಹೊಸಬರನ್ನು ಸರ್ ಹುಡುಕಬೇಕು. ನಿವೃತ್ತಿಯ ನಂತರ ಅವರ ಮನೆಯಲ್ಲೇ ಈ ಪರೀಕ್ಷೆ. ಅಂಕಪಟ್ಟಿಯನ್ನು ಅವರೇ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದಾರೆ. ಮೊದಲ ತಿಂಗಳು ಹತ್ತೊಂಬತ್ತು. ಆಮೇಲೆ ಹದಿನೆಂಟು, ಹದಿನೆಂಟು, ಹತ್ತೊಂಬತ್ತು. ಕಳೆದ ವರ್ಷ ಹದಿನೇಳು, ಹದಿನಾರು. ಪ್ರತಿ ಸಲ ಲಕೋಟೆ ಒಡೆಯುವವಳು ನಾನು, ಅಂಕ ಬರೆಯುವವರು ಅವರು.  ಈಗೀಗ ನನ್ನ ಹೆಸರಿಗೆ ಒಮ್ಮೊಮ್ಮೆ ತಡವರಿಸುತ್ತಾರೆ. "ಹೊರ್ತಿ ಬಸ್" ಎಂದು ಕರೆದು ತಾವೇ ನಗುತ್ತಾರೆ.

ಈ ವರ್ಷದ ಜನವರಿಯಲ್ಲಿ ನಾನು ನೆಟ್ಟದ್ದು ಇಪ್ಪತ್ತು. ಅವರು ಹುಡುಕಿ ಬರೆದುಕೊಟ್ಟದ್ದು ಹದಿನೆಂಟು. ಲಕೋಟೆ ಒಡೆದು ತಾಳೆ ನೋಡಿದರೆ ಪಟ್ಟಿಯಲ್ಲಿದ್ದವು ಹದಿನೇಳು. ಹದಿನೆಂಟನೆಯದನ್ನು ನಾನು ನೆಟ್ಟಿರಲಿಲ್ಲ.

ಅದು ಬೇಲಿಯಾಚೆ ಇತ್ತು. ಹಿಂದೆ ಹದಿನೇಳು ನೆಟ್ಟಿದ್ದ ದಿಕ್ಕಿನಲ್ಲೇ, ಅವುಗಳ ಒಂಬತ್ತನೆಯದಕ್ಕೂ ಹತ್ತನೆಯದಕ್ಕೂ ನಡುವೆ, ಒಂದು ಪ್ರಖರ ನಕ್ಷತ್ರದ ಬೆಳಕಿನ ಬುಡದಲ್ಲಿ.  ಮತ್ತೆ ಅವರ ಕೈ ನೆಟ್ಟಿದೆ ಎಂದೇ ತಿಳಿದೆ. ಅವರು ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಭಂಡಾರದಿಂದ ಮೂಲ ಚಿತ್ರವನ್ನು ಹೊಸದಾಗಿ ಇಳಿಸಿದೆ. ನಮ್ಮ ಚಿತ್ರದಿಂದ ಅದನ್ನು ಕಳೆದೆ. ಹಟ್ಟಿ ಅಳಿಯಿತು. ಬಿಳಿಯಲ್ಲಿ ನನ್ನ ಇಪ್ಪತ್ತು ಉಳಿದವು. ಮತ್ತೆ ಮತ್ತೆ ಎಣಿಸಿದೆ: ಇಪ್ಪತ್ತು. ಆ ಹದಿನೆಂಟನೆಯದು, ಉಳಿದ ಎಲ್ಲ ನಿಜವಾದ ನಕ್ಷತ್ರಗಳ ಜೊತೆ, ಅಳಿದುಹೋಗಿತ್ತು.

ನೆಟ್ಟದ್ದು ಉಳಿಯುತ್ತದೆ, ಇದ್ದದ್ದು ಅಳಿಯುತ್ತದೆ. ಅಂದರೆ ಅದು ಆಕಾಶದ್ದೇ. ಪಕ್ಕದ ಪ್ರಖರ ಬೆಳಕಿನಿಂದಾಗಿ ಯಾವ ಯಾದಿಯಲ್ಲೂ ಅದು ಸೇರಿರಲಿಲ್ಲ. ನಾನೂ ಮೂರು ವರ್ಷ ಅದರ ಮೇಲೆ ಕಣ್ಣಾಡಿಸಿ ದಾಟಿಹೋಗಿದ್ದೆ. ಅಳೆದು ನೋಡಿದೆ. ಬಣ್ಣ ಹಟ್ಟಿಯ ಮುದಿ ನಕ್ಷತ್ರ ಹೇಗಿರಬೇಕೋ ಹಾಗೆಯೇ ಇತ್ತು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ನನಗೆ ತಿಳಿಯುವುದಿಲ್ಲ, ಮತ್ತು ತಿಳಿದವಳಂತೆ ಬರೆಯಲೂ ಇಷ್ಟವಿಲ್ಲ.

"ಸರ್, ಇದು ನಾ ನೆಟ್ಟದ್ದಲ್ರಿ. ನೀವು ನೆಟ್ಟದ್ದೂ ಅಲ್ಲ," ಎಂದೆ.

ಅವರು ಎದ್ದು ಬಂದು ಪರದೆ ನೋಡಿದರು. ಎಡಬದಿ ನೋಡಿದರು. ಕಚ್ಚಿರಲಿಲ್ಲ.

"ಹಂಗಾರ ಯಾರ ಕುರಿ ಬಂತು?" ಎಂದರು.

 ಆ ನಕ್ಷತ್ರ ಹಟ್ಟಿಯಿಂದ ಹೊರಬಿದ್ದದ್ದೋ, ನಡುವೆ ಹಾಯುವ ನಮ್ಮ ಆಕಾಶಗಂಗೆಯ ದಾರಿಹೋಕವೋ ಎಂಬುದು ಅದರ ವೇಗ ಅಳೆದರೆ ಮಾತ್ರ ತಿಳಿಯುತ್ತದೆ. ಹಟ್ಟಿಯ ವೇಗವೇ ಅದಕ್ಕೂ ಇದ್ದರೆ ಅದು ಹಟ್ಟಿಯದು. ಒಂದು ಕುರಿ ಹಿಂಡಲ್ಲ, ಒಂದು ನಕ್ಷತ್ರ ಬಾಲವಲ್ಲ ಎಂದು ಸರ್ ಅಂದೇ ಎಚ್ಚರಿಸಿದ್ದಾರೆ. ಅಷ್ಟು ಮಂಕಾದದ್ದರ ವೇಗ ಅಳೆಯಬಲ್ಲ ದೂರದರ್ಶಕಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಫೆಬ್ರವರಿಯಲ್ಲಿ ಅರ್ಜಿ ಹಾಕಿದ್ದೇವೆ. ಅರ್ಜಿಯಲ್ಲಿ ಹಿಂದಿನ ಹದಿನೇಳರ ಕಥೆಯನ್ನು ಒಂದಕ್ಷರ ಬಿಡದೆ ಬರೆಯಬೇಕೆಂದು ಸರ್ ಹಠ ಹಿಡಿದರು, ಬರೆದಿದ್ದೇವೆ. ಕೊನೆಯ ಸಾಲು ಅವರದೇ ಅಕ್ಷರದಲ್ಲಿದೆ: "ನಕ್ಷತ್ರ ನೆಟ್ಟವರು: ಯಾರೂ ಇಲ್ಲ. ಕಂಡವರು: ಗುರಲಿಂಗಪ್ಪ."

ಹದಿನಾರನೆಯ ವಯಸ್ಸಿನಲ್ಲಿ ಹಟ್ಟಿಯ ಮುಂದೆ ಸೋತ ಪರೀಕ್ಷೆಯನ್ನು ಅರವತ್ತು ದಾಟಿದ ಮೇಲೆ ಗೆದ್ದರೆಂದು ಬರೆದು ಮುಗಿಸಬಹುದಿತ್ತು. ಫಲಿತಾಂಶ ಇನ್ನೂ ಬಂದಿಲ್ಲವಾದ್ದರಿಂದ ಹಾಗೆ ಬರೆಯಲಾರೆ. ಸಂಪಾದಕರ ಹಾಗೂ ಶಿಷ್ಯವೃಂದದ ಪರವಾಗಿ ನಾನು ಬೇಡುವುದಿಷ್ಟು. ಗುರುಗಳ ದೇಹ ಗಟ್ಟಿಯಾಗಿರಲಿ. ಪ್ರತಿ ತಿಂಗಳ ಮೊದಲ ಸೋಮವಾರ ಅರಗು ಒಡೆಯುವ ಕೆಲಸ ನನಗೆ ಇನ್ನೂ ಬಹುಕಾಲ ಇರಲಿ. ಎಲ್ಲೋ ದೂರದ ಪರ್ವತದ ಮೇಲೆ ಆ ಒಂದು ನಕ್ಷತ್ರದ ವೇಗ ಅಳೆದು ಉತ್ತರ ಬರುವ ದಿನ, ನಾನು ಹೊರ್ತಿ ಬಸ್ಸಿಳಿದು ಓಡಿಬಂದು ಹೇಳುವಾಗ, ನನ್ನ ಹೆಸರು ಅವರಿಗೆ ಮರೆತಿದ್ದರೂ ಚಿಂತೆಯಿಲ್ಲ, ತಾವು ಕೇಳಿದ ಪ್ರಶ್ನೆ ನೆನಪಿರಲಿ.